ಕೇಳುವವರಿದ್ದರೆ ಕೆಲಸ ಭಾರವಲ್ಲ
(ಸಂಘದ ಮಾಸಿಕ ಸಭೆಗೆ ಪಾಠ)



ಈ ತಿಂಗಳ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಲೆಕ್ಕ ಬರೆದು ಮುಗಿಸಿದ ಮೇಲೆ ಒಂದು ಗಂಟೆಯನ್ನು ಈ ಪಾಠಕ್ಕೆ ಇಟ್ಟುಕೊಳ್ಳಿ. ಓದು ಬರುವ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ನಡುವೆ ಯಾರಿಗಾದರೂ ಏನಾದರೂ ಹೇಳಬೇಕು ಅನ್ನಿಸಿದರೆ ಓದು ನಿಲ್ಲಿಸಿ, ಅವರ ಮಾತು ಕೇಳಿ. ಈ ಪಾಠದ ವಿಷಯವೇ ಅದು: ಕೇಳಿಸಿಕೊಳ್ಳುವುದು.

ನಾಯಕತ್ವದ ಬಗ್ಗೆ ನಾವು ಹಿಂದೆಯೂ ಪಾಠ ಮಾಡಿದ್ದೇವೆ. ಸಭೆ ನಡೆಸುವುದು ಹೇಗೆ, ಪುಸ್ತಕ ಬರೆಯುವುದು ಹೇಗೆ, ಬ್ಯಾಂಕಿಗೆ ಹೋಗಿ ಮಾತಾಡುವುದು ಹೇಗೆ ಎಂದು ಕಲಿತಿದ್ದೇವೆ. ಈ ಸಲದ ಪ್ರಶ್ನೆ ಬೇರೆ. ಸರ್ಕಾರದ ಸೇವೆಯನ್ನು ನಮ್ಮ ಮನೆ ಬಾಗಿಲಿಗೆ ತರುವ ಅಂಗನವಾಡಿ ಟೀಚರ್, ಸಹಾಯಕಿ, ಆಶಾ, ಶಾಲೆಯ ಬಿಸಿಯೂಟದ ಅಡುಗೆಯವರು, ಇವರ ಮನಸ್ಸು ಹೇಗಿದೆ? ಅವರ ಮೇಲಿರುವವರ ನಾಯಕತ್ವಕ್ಕೂ ಅವರ ಮನಸ್ಸಿಗೂ ಏನು ಸಂಬಂಧ? ಇದರಲ್ಲಿ ನಮಗೂ ಪಾಲಿದೆಯಾ?

1. ಮೊಟ್ಟೆಯ ಲೆಕ್ಕ

ಕೆಲವು ವರ್ಷಗಳ ಹಿಂದೆ ನಮ್ಮ ಕಾರ್ಯಕ್ಷೇತ್ರದ ಒಂದು ಊರಿನಲ್ಲಿ ನಡೆದದ್ದು. ಅಲ್ಲಿನ ಅಂಗನವಾಡಿ ಟೀಚರ್ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದರು. ಅವರೂ ನಮ್ಮ ಸಂಘವೊಂದರ ಸದಸ್ಯೆಯೇ. ಆ ತಿಂಗಳು ಮೊಟ್ಟೆಯ ಹಣ ಖಾತೆಗೆ ಬಂದಿರಲಿಲ್ಲ. ಗರ್ಭಿಣಿಯರಿಗೆ, ಮಕ್ಕಳಿಗೆ ತಪ್ಪಬಾರದು ಅಂತ ಎರಡು ವಾರ ಅಂಗಡಿಯಲ್ಲಿ ತಮ್ಮ ಹೆಸರಿಗೆ ಸಾಲ ಬರೆಸಿ ಮೊಟ್ಟೆ ತಂದರು. ಮೂರನೇ ವಾರ ಅಂಗಡಿಯವರು ಕೊಡಲಿಲ್ಲ. ಮೊಟ್ಟೆ ನಿಂತಿತು.

ಅದೇ ವಾರ ಪಂಚಾಯಿತಿ ಸದಸ್ಯರೂ ಅಧಿಕಾರಿಗಳೂ ಬಂದಿದ್ದ ಒಕ್ಕೂಟದ ಸಭೆಯಲ್ಲಿ ಒಬ್ಬರು ಎದ್ದು ನಿಂತು, “ಮೊಟ್ಟೆ ಎಲ್ಲಿ ಹೋಯ್ತು ಟೀಚರಮ್ಮ, ನಿಮ್ಮನೆ ಒಲೆ ಮೇಲಾ?” ಎಂದರು. ಸಭೆಯೆಲ್ಲ ನಕ್ಕಿತು. ಅಧಿಕಾರಿ “ನಾಳೆಯೇ ವಿವರಣೆ ಕೊಡಿ” ಎಂದು ಮುಂದಿನ ವಿಷಯಕ್ಕೆ ಹೋದರು. ಯಾಕೆ ನಿಂತಿತು ಅಂತ ಒಬ್ಬರೂ ಕೇಳಲಿಲ್ಲ. ನಾವೂ ಅಲ್ಲೇ ಮುಂದಿನ ಕುರ್ಚಿಯಲ್ಲಿ ಕೂತಿದ್ದೆವು. ನಾವೂ ಕೇಳಲಿಲ್ಲ.

ಹತ್ತು ದಿನ ಬಿಟ್ಟು ಆ ಟೀಚರ್ ನಮ್ಮ ಕಚೇರಿಗೆ ಬಂದರು. ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕೇಂದ್ರದ ಬಾಗಿಲು ತೆಗೆಯುವಾಗ ಕೈ ನಡುಗುತ್ತದೆ ಎಂದರು. “ಕೆಲ್ಸ ಕಷ್ಟ ಅಂತ ನಾನು ಅಳ್ತಿಲ್ಲ ಸಿಸ್ಟರ್. ಊರೋರ ಎದುರಿಗೆ ಕಳ್ಳಿ ಅನ್ನಿಸ್ಕೊಂಡೆನಲ್ಲ, ಅದು ಹೊಟ್ಟೆ ಒಳಗೇ ಕೂತ್ಬಿಟ್ಟಿದೆ. ನೀವೂ ಅಲ್ಲೇ ಇದ್ರಿ.”

ಆ ಕೊನೆಯ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಪಾಠ ಬರೆಯಲು ಕಾರಣವೂ ಆ ಮಾತೇ.

2. ಊರಿನ ಸೇವೆ ಯಾರ ಹೆಗಲ ಮೇಲಿದೆ?

ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆಗಳಲ್ಲಿ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಆಶಾ ಕಾರ್ಯಕರ್ತೆಯರು ಬಂದದ್ದು 2005ರಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ. ಸುಮಾರು ಸಾವಿರ ಜನರಿಗೆ ಒಬ್ಬ ಆಶಾ ಎಂಬುದು ಲೆಕ್ಕ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಬಾಣಂತಿಯ ಮನೆಗೆ 42 ದಿನಗಳೊಳಗೆ ಆರು ಸಲ ಹೋಗಿ ತಾಯಿ ಮಗುವನ್ನು ನೋಡಬೇಕು. 2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆ ಬಂದಾಗ ಗರ್ಭಿಣಿ ಬಾಣಂತಿಯರ ಬಿಸಿಯೂಟವೂ ಅಂಗನವಾಡಿಗೆ ಸೇರಿತು. ಮತದಾರರ ಪಟ್ಟಿ, ಸಮೀಕ್ಷೆ ಇಂಥ ಕೆಲಸಗಳೂ ಆಗಾಗ ಇವರಿಗೇ ಬರುತ್ತವೆ.

ಇಷ್ಟೆಲ್ಲ ಮಾಡುವವರು ಸರ್ಕಾರಿ ನೌಕರರೆಂದು ಎಣಿಕೆಯಾಗಿಲ್ಲ. ಅಂಗನವಾಡಿಯವರಿಗೆ ಬರುವುದು ಗೌರವಧನ, ಆಶಾ ಅವರಿಗೆ ಗೌರವಧನ ಮತ್ತು ಪ್ರೋತ್ಸಾಹಧನ. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಕಾಯ್ದೆಯ ಪ್ರಕಾರ ಗ್ರಾಚ್ಯುಟಿ ಸಿಗಬೇಕು ಎಂದು ತೀರ್ಪು ಕೊಟ್ಟಿತು. ಅದಾದ ಮುಂದಿನ ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. ಆದರೂ 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂರಬೇಕಾಯಿತು.

ಸಂಬಳದ ವಿಷಯ ಸರ್ಕಾರದ ಮಟ್ಟದ್ದು, ಅದಕ್ಕೆ ಹೋರಾಟ ಬೇಕು, ನಮ್ಮ ಬೆಂಬಲವೂ ಬೇಕು. ಆದರೆ ಮನಸ್ಸನ್ನು ಕುಗ್ಗಿಸುವ ಎಷ್ಟೋ ಸಂಗತಿಗಳು ಊರಿನಲ್ಲೇ ಹುಟ್ಟುತ್ತವೆ. ಅವನ್ನು ಊರಿನಲ್ಲೇ ಸರಿಮಾಡಬಹುದು.

3. ಮನಸ್ಸು ದಣಿದಿದೆ ಎಂದು ಗೊತ್ತಾಗುವುದು ಹೇಗೆ?

ಮೈ ದಣಿದರೆ ಒಂದು ರಾತ್ರಿ ನಿದ್ದೆ ಮಾಡಿದರೆ ಸರಿಹೋಗುತ್ತದೆ. ಮನಸ್ಸು ದಣಿದರೆ ಹಾಗಲ್ಲ. ಕೆಲಸದ ಒತ್ತಡ ಬಹಳ ದಿನ ಹಾಗೇ ಉಳಿದರೆ ಬರುವ ಈ ದಣಿವಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಗುರುತು ಹೇಳಿತು. ಇದು ಕಾಯಿಲೆಯಲ್ಲ, ಕೆಲಸದಿಂದ ಬರುವ ಸ್ಥಿತಿ ಎಂದೂ ಹೇಳಿತು.

ಒಂದು, ಶಕ್ತಿಯೆಲ್ಲ ಬತ್ತಿಹೋದ ಹಾಗೆ ಅನ್ನಿಸುವುದು. “ಬೆಳಿಗ್ಗೆ ಎದ್ದೇಳೋಕೇ ಆಗಲ್ಲ.”

ಎರಡು, ಕೆಲಸದಿಂದ ಮನಸ್ಸು ದೂರ ಸರಿಯುವುದು. “ಯಾರಿಗೇನಾದ್ರೆ ನನಗೇನು?” ಮೊದಲು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಸಿಡುಕುತ್ತಾರೆ, ಇಲ್ಲವೇ ಮೌನವಾಗುತ್ತಾರೆ.

ಮೂರು, ತನ್ನಿಂದ ಏನೂ ಆಗುವುದಿಲ್ಲ ಎಂಬ ಭಾವನೆ. “ಎಷ್ಟು ಮಾಡಿದ್ರೂ ಅಷ್ಟೇ.”

ನಾವು ಎರಡನೇ ಗುರುತನ್ನೇ ಹೆಚ್ಚು ತಪ್ಪು ತಿಳಿಯುತ್ತೇವೆ. “ಆ ಟೀಚರಿಗೆ ಈಚೆಗೆ ಜಂಬ” ಎಂದುಬಿಡುತ್ತೇವೆ. ಜಂಬವೋ ದಣಿವೋ ಎಂದು ತಿಳಿಯಲು ಒಂದೇ ದಾರಿ. ಹತ್ತಿರ ಕೂತು ಕೇಳಬೇಕು.

4. ದಣಿಸುವುದು ಯಾವುದು?

ಲಂಡನ್ನಿನ ಸರ್ಕಾರಿ ಕಚೇರಿಗಳ ಹತ್ತು ಸಾವಿರಕ್ಕೂ ಹೆಚ್ಚು ನೌಕರರ ಆರೋಗ್ಯವನ್ನು 1985ರಿಂದ ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನವಿದೆ. ಮೈಕಲ್ ಮಾರ್ಮಟ್ ಎಂಬ ವೈದ್ಯರ ತಂಡ ಅದನ್ನು ನಡೆಸಿತು. ದೊಡ್ಡ ಹುದ್ದೆಯವರಿಗೆ ತಲೆನೋವು ಹೆಚ್ಚು, ಆದ್ದರಿಂದ ಹೃದಯದ ಕಾಯಿಲೆಯೂ ಅವರಿಗೇ ಹೆಚ್ಚು ಎಂದು ಜನ ತಿಳಿದಿದ್ದರು. ಕಂಡುಬಂದದ್ದು ಉಲ್ಟಾ. ತಮ್ಮ ಕೆಲಸವನ್ನು ಹೇಗೆ ಮಾಡಬೇಕು ಎಂಬುದರಲ್ಲಿ ಮಾತಿಗೆ ಅವಕಾಶವಿಲ್ಲದ ನೌಕರರಿಗೇ ಆ ಕಾಯಿಲೆಯ ಅಪಾಯ ಹೆಚ್ಚಿತ್ತು. ಅಂದರೆ ಮನಸ್ಸಿಗೆ ಬಿದ್ದ ಭಾರ ಮೈಗೂ ಇಳಿಯುತ್ತದೆ.

ಆಮೇಲೆ 2004ರಲ್ಲಿ ಬ್ರಿಟನ್ನಿನಲ್ಲಿ ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ಕೆಲಸಗಾರರ ಮನಸ್ಸು ಕೆಡದಿರಲು ಮುಂದಾಳುಗಳು ಆರು ವಿಷಯ ಗಮನಿಸಬೇಕು ಎಂದು ಹೇಳಿತು. ಆ ಆರನ್ನು ನಮ್ಮ ಊರಿಗೆ ಹೊಂದಿಸಿ ನೋಡೋಣ.

ಅ) ಹೊರೆ. ಒಬ್ಬರಿಗೆ ಎಷ್ಟು ಕೆಲಸ ಬಿದ್ದಿದೆ? ಅಡುಗೆ, ಪಾಠ, ತೂಕ, ಮನೆಭೇಟಿ, ದಾಖಲೆ, ಸಮೀಕ್ಷೆ ಎಲ್ಲವೂ ಒಂದೇ ದಿನ ಬಂದರೆ ಯಾವುದು ಮೊದಲು ಎಂದು ಹೇಳುವವರು ಯಾರು? “ಎಲ್ಲವೂ ಇವತ್ತೇ ಆಗಬೇಕು” ಎನ್ನುವುದು ನಾಯಕತ್ವವಲ್ಲ. “ಇವತ್ತು ತೂಕ ಮುಗಿಸಿ, ಪಟ್ಟಿ ಸೋಮವಾರ ಕೊಡಿ” ಎನ್ನುವುದು ನಾಯಕತ್ವ.

ಆ) ಹಿಡಿತ. ತನ್ನ ಕೆಲಸದ ಬಗ್ಗೆ ಅವರಿಗೆ ಮಾತಿದೆಯಾ? ಯಾವ ಕೇರಿಗೆ ಯಾವ ದಿನ ಹೋದರೆ ತಾಯಂದಿರು ಸಿಗುತ್ತಾರೆ ಎಂಬುದು ಕಾಫಿ ತೋಟದ ಕೂಲಿ ಲೈನಿಗೆ ದಿನಾ ಹೋಗುವ ಆಶಾ ಅವರಿಗೆ ಗೊತ್ತು. ಅವರನ್ನು ಕೇಳಿ ದಿನ ಗೊತ್ತುಮಾಡಿದರೆ ಅವರಿಗೂ ಗೌರವ, ಕೆಲಸವೂ ಆಗುತ್ತದೆ.

ಇ) ಬೆಂಬಲ. ಕೆಲಸಕ್ಕೆ ಬೇಕಾದದ್ದು ಕೈಯಲ್ಲಿದೆಯಾ? ತೂಕದ ಯಂತ್ರ ಕೆಟ್ಟಿದೆ, ಗ್ಯಾಸ್ ಖಾಲಿಯಾಗಿದೆ, ಹಣ ಬಂದಿಲ್ಲ. ಇವನ್ನು ಒದಗಿಸದೆ ಕೆಲಸ ಮಾತ್ರ ಕೇಳಿದರೆ ಒಳ್ಳೆಯ ಮನಸ್ಸಿನವರೇ ಮೊದಲು ಮುರಿಯುತ್ತಾರೆ. ಕೈಯಿಂದ ಹಾಕಿ ನಡೆಸಲು ನೋಡುವವರು ಅವರೇ ತಾನೆ?

ಈ) ಸಂಬಂಧ. ಮಾತಾಡಿಸುವ ರೀತಿ ಹೇಗಿದೆ? ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಮೇಲ್ವಿಚಾರಕಿಗೆ, ಅಲ್ಲಿಂದ ಟೀಚರಿಗೆ, ಟೀಚರಿಂದ ಸಹಾಯಕಿಗೆ ಬೈಗುಳ ಇಳಿಯುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ಆ ಮೇಲ್ವಿಚಾರಕಿಯೂ ಕೆಟ್ಟವರಲ್ಲ, ಅವರ ಮೇಲೂ ಒತ್ತಡವಿದೆ. ಮೇಲಿನಿಂದ ಬಂದ ಬೈಗುಳವನ್ನು ತನ್ನ ಹತ್ತಿರವೇ ನಿಲ್ಲಿಸಿ, ಕೆಲಸವನ್ನು ಮಾತ್ರ ಕೆಳಗೆ ದಾಟಿಸುವವರೇ ಒಳ್ಳೆಯ ನಾಯಕಿ.

ಉ) ಪಾತ್ರ. ತನ್ನ ಕೆಲಸ ಯಾವುದು, ಯಾವುದಲ್ಲ ಎಂಬುದು ಅವರಿಗೆ ಸ್ಪಷ್ಟವಿದೆಯಾ? ಪಂಚಾಯಿತಿಯವರು ಒಂದು ಹೇಳಿ, ಇಲಾಖೆಯವರು ಇನ್ನೊಂದು ಹೇಳಿದರೆ ನಡುವೆ ಸಿಕ್ಕಿಕೊಳ್ಳುವವರು ಇವರು.

ಊ) ಬದಲಾವಣೆ. ಹೊಸದು ಬಂದಾಗ ಕಲಿಸಿ ಕೊಡುತ್ತಾರಾ? 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂದು ಅಂಗನವಾಡಿಯ ಲೆಕ್ಕ ಮೊಬೈಲಿಗೆ ಹೋಯಿತು. ಇಪ್ಪತ್ತು ವರ್ಷ ಪುಸ್ತಕದಲ್ಲಿ ಬರೆದವರಿಗೆ ನೆಟ್‌ವರ್ಕ್ ಸಿಗದ ಊರಿನಲ್ಲಿ ಇದು ಸುಲಭವಲ್ಲ. “ಬರಲ್ಲ ಅಂದ್ರೆ ಬಿಟ್ಟು ಹೋಗಿ” ಎಂದರೆ ಅವರು ಭಯಪಡುತ್ತಾರೆ. ಪಕ್ಕ ಕೂತು ನಾಲ್ಕು ದಿನ ತೋರಿಸಿಕೊಟ್ಟರೆ ಕಲಿಯುತ್ತಾರೆ.

5. ನಾವು ಕಲಿತದ್ದು

ಈ ಆರನ್ನು ಓದಿ ನಾವು ಮೊದಲು ನಮ್ಮನ್ನೇ ನೋಡಿಕೊಂಡೆವು. ನಮ್ಮ ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ ಎಷ್ಟು ಸಂಘ, ಎಷ್ಟು ಉಳಿತಾಯ, ಎಷ್ಟು ಬಾಕಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದೆವು. ಕಡಿಮೆ ಇದ್ದವರು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಈಗ ಮೊದಲ ಅರ್ಧ ಗಂಟೆ “ಈ ತಿಂಗಳು ಯಾವುದು ಕಷ್ಟವಾಯಿತು?” ಎಂಬ ಒಂದೇ ಪ್ರಶ್ನೆ. ಲೆಕ್ಕ ಆಮೇಲೆ. ಬಾಕಿ ಹೆಚ್ಚಿದ್ದವರ ಜೊತೆ ಬೇರೆಯಾಗಿ ಕೂತು ಮಾತಾಡುತ್ತೇವೆ. ಲೆಕ್ಕವನ್ನು ಬಿಟ್ಟುಕೊಟ್ಟಿಲ್ಲ, ಕೇಳುವ ರೀತಿ ಬದಲಾಗಿದೆ. ಮೊದಲು ಮುಚ್ಚಿಡುತ್ತಿದ್ದ ಬಾಕಿಯನ್ನು ಈಗ ಅವರಾಗಿಯೇ ಬೇಗ ಹೇಳುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಕೆಲಸ ಮಾಡುವವರ ಮನಸ್ಸು ನೋಯಬಾರದು ಅಂದರೆ ತಪ್ಪನ್ನು ಕೇಳಬಾರದು ಅಂತ ಅರ್ಥವಲ್ಲ. ಮಕ್ಕಳ ಪಾಲಿನ ಆಹಾರ ನಿಜವಾಗಿ ಬೇರೆ ಕಡೆ ಹೋಗುತ್ತಿದ್ದರೆ ಕೇಳಲೇಬೇಕು, ಬರೆದು ಕೊಡಲೇಬೇಕು. ಕೇಳುವುದು ಸಂಘದ ಹಕ್ಕು. ಆದರೆ ಕೇಳುವುದಕ್ಕೂ ಅವಮಾನ ಮಾಡುವುದಕ್ಕೂ ವ್ಯತ್ಯಾಸವಿದೆ. “ಮೊಟ್ಟೆ ಯಾಕೆ ನಿಂತಿದೆ?” ಎಂಬುದು ಪ್ರಶ್ನೆ, ಅದಕ್ಕೆ ಉತ್ತರ ಹೇಳಬಹುದು. “ನಿಮ್ಮನೆ ಒಲೆ ಮೇಲಾ?” ಎಂಬುದಕ್ಕೆ ಯಾರು ಏನು ಉತ್ತರ ಹೇಳಲು ಸಾಧ್ಯ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

6. ನಮ್ಮ ಕೈಯಲ್ಲಿರುವ ಜಾಗಗಳು

“ನಾವು ಬಡ ಹೆಂಗಸ್ರು, ನಮ್ಮ ಮಾತು ಯಾರು ಕೇಳ್ತಾರೆ?” ಎನ್ನಬೇಡಿ. ಅಂಗನವಾಡಿಗೆ ಬಾಲವಿಕಾಸ ಸಮಿತಿ ಇದೆ. ಊರಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ. ಶಾಲೆಗೆ ಎಸ್‌ಡಿಎಂಸಿ, ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ, ಎಲ್ಲಕ್ಕೂ ಗ್ರಾಮಸಭೆ ಇದೆ. 2010ರ ತಿದ್ದುಪಡಿಯಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ನಮ್ಮ ಸಂಘಗಳಿಂದಲೇ ಎಷ್ಟೋ ಜನ ಗೆದ್ದು ಆ ಕುರ್ಚಿಗಳಲ್ಲಿ ಕೂತಿದ್ದಾರೆ. ಹಾಗೆ ಕೂತ ದಿನದಿಂದ ನಾವೂ ಇನ್ನೊಬ್ಬರ ಮೇಲಿನವರೇ. ಆ ಜಾಗದಿಂದ ನಮ್ಮ ಬಾಯಲ್ಲಿ ಬರುವ ಮಾತಿಗೆ ತೂಕ ಹೆಚ್ಚು.

ಕೆಲಸ ಮಾಡುವವರನ್ನು ಊರೂ ಕೈಬಿಟ್ಟು, ಮೇಲಿನವರೂ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ರಾಜಸ್ಥಾನದ ಭನ್ವರಿ ದೇವಿ ಅವರ ಬದುಕೇ ಸಾಕ್ಷಿ. ಅವರು ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ನಮ್ಮಂಥ ಊರಿನ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯಲು ಹೋದದ್ದು ಅವರ ಕೆಲಸದ ಭಾಗವಾಗಿತ್ತು. ಅದಕ್ಕೆ ಸೇಡಾಗಿ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು ಬಂತು, ಅದರ ಆಧಾರದ ಮೇಲೆ 2013ರಲ್ಲಿ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂತು. ಆ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕು. ದೂರನ್ನು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು, ಬರೆಯಲು ಬಾರದವರಿಗೆ ಸಮಿತಿಯೇ ನೆರವಾಗಬೇಕು. ಮನೆಮನೆಗೆ ಒಂಟಿಯಾಗಿ ಹೋಗುವ ಆಶಾ ಅವರಿಗೆ ಈ ವಿಷಯ ತಿಳಿಸಿ. ಅಂಥದ್ದೇನಾದರೂ ಆದರೆ ಸಂಘ ಜೊತೆಗಿದೆ ಎಂದೂ ಹೇಳಿ.

7. ಸಹಾಯ ಬೇಕಾದಾಗ

ನಿದ್ದೆ, ಊಟ ಬಿಟ್ಟು ಎರಡು ವಾರ ದಾಟಿದರೆ, ಸುಮ್ಮಸುಮ್ಮನೆ ಅಳು ಬಂದರೆ, ಯಾವುದರಲ್ಲೂ ಮನಸ್ಸಿಲ್ಲ ಎಂದರೆ ವೈದ್ಯರ ಸಹಾಯ ಬೇಕು. ಇದರಲ್ಲಿ ನಾಚಿಕೆ ಬೇಡ. ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ 1985ರಿಂದ ನಿಮ್ಹಾನ್ಸ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸಲು ತರಬೇತಿ ಕೊಟ್ಟು ತೋರಿಸಿದರು. ಆ ಮಾದರಿಯ ಮೇಲೆಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಫೋನಿನಲ್ಲೇ ಮಾತಾಡಬೇಕಾದರೆ ಟೆಲಿ ಮಾನಸ್ 14416. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

“ಬದುಕಿ ಏನು ಪ್ರಯೋಜನ” ಎಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಸಹಾಯಕ್ಕೆ ಕರೆದುಕೊಂಡು ಹೋಗಿ.

8. ಆ ಟೀಚರ್ ಏನಾದರು?

ಅವರ ಸಂಘದವರು ಮುಂದಿನ ಸಭೆಯಲ್ಲಿ ಅಂಗಡಿಯ ಸಾಲದ ಪುಸ್ತಕ ತರಿಸಿ ನೋಡಿದರು. ಎರಡು ವಾರದ ಮೊಟ್ಟೆ ಅವರ ಹೆಸರಿನಲ್ಲೇ ಬರೆದಿತ್ತು. ಸಂಘ ನಿರ್ಣಯ ಬರೆದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಕೊಟ್ಟಿತು. ಸ್ವಲ್ಪ ದಿನದಲ್ಲಿ ಹಣ ಬಂತು, ಅಂಗಡಿಯ ಸಾಲ ತೀರಿತು. ಆ ಮಾತು ಆಡಿದವರು ಟೀಚರ ಮನೆಗೆ ಹೋಗಿ “ತಪ್ಪಾಯ್ತು ಅಕ್ಕ” ಎಂದರು. ನಮಗೂ ಸಮಾಧಾನವಾಯಿತು.

ಟೀಚರಿಗೆ ಆಗಲಿಲ್ಲ. “ಬೈದದ್ದು ಊರೋರ ಎದುರಿಗೆ, ತಪ್ಪಾಯ್ತು ಅಂದದ್ದು ನಮ್ಮನೆ ಅಡುಗೆಮನೇಲಿ” ಎಂದರು. ಅವರು ಹೇಳಿದ್ದು ಸರಿ. ಮುಂದಿನ ಒಕ್ಕೂಟದ ಸಭೆಯಲ್ಲಿ ಆ ಸದಸ್ಯೆ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದರು. ಆಮೇಲೆ ನಾವೂ ಎದ್ದು, ಆ ದಿನ ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಕ್ಷಮೆ ಕೇಳಿದೆವು. ಟೀಚರ್ ಚಿಕಿತ್ಸೆ ತೆಗೆದುಕೊಂಡರು, ಈಗ ಚೆನ್ನಾಗಿದ್ದಾರೆ, ಕೇಂದ್ರವೂ ಚೆನ್ನಾಗಿ ನಡೆಯುತ್ತಿದೆ. ಆದರೆ ದೊಡ್ಡ ಸಭೆಗಳಿಗೆ ಅವರು ಇವತ್ತಿಗೂ ಬರುವುದಿಲ್ಲ. ಒಂದು ನಗುವಿನ ಬೆಲೆ ಅಷ್ಟು.

ಚರ್ಚೆಗೆ ಪ್ರಶ್ನೆಗಳು

1. ನಮ್ಮೂರಿನ ಅಂಗನವಾಡಿ ಟೀಚರ್, ಸಹಾಯಕಿ, ಆಶಾ, ಅಡುಗೆಯವರಿಗೆ ಈಗ ಯಾವ ಕೊರತೆ ಇದೆ? ನಾವು ಕೇಳಿದ್ದೇವಾ, ಊಹೆ ಮಾಡಿದ್ದೇವಾ?

2. ಮೇಲಿನ ಆರು ವಿಷಯಗಳಲ್ಲಿ ನಮ್ಮೂರಿನಲ್ಲಿ ಯಾವುದು ಹೆಚ್ಚು ಕೆಟ್ಟಿದೆ?

3. ನಮ್ಮ ಸಂಘದ ಸಭೆಯಲ್ಲೇ ಯಾರನ್ನಾದರೂ ಎಲ್ಲರೆದುರು ನೋಯಿಸಿದ್ದೇವಾ? ಅದನ್ನು ಎಲ್ಲಿ, ಹೇಗೆ ಸರಿಮಾಡಬೇಕು?

ಈ ತಿಂಗಳ ಕೆಲಸ

ಸಂಘದ ಇಬ್ಬರು ಸದಸ್ಯರು ಅಂಗನವಾಡಿಗೆ ಹೋಗಿ, ಮಕ್ಕಳು ಮನೆಗೆ ಹೋದ ಮೇಲೆ ಟೀಚರ್ ಮತ್ತು ಸಹಾಯಕಿಯ ಜೊತೆ ಅರ್ಧ ಗಂಟೆ ಕೂತು ಬನ್ನಿ. ಪುಸ್ತಕ ತೆರೆಸಬೇಡಿ, ಲೆಕ್ಕ ಕೇಳಬೇಡಿ. “ಈಗ ಯಾವುದು ಕಷ್ಟ ಆಗ್ತಿದೆ ಅಕ್ಕ?” ಎಂದಷ್ಟೇ ಕೇಳಿ. ಅವರು ಹೇಳಿದ್ದರಲ್ಲಿ ಸಂಘದಿಂದ ಆಗುವ ಒಂದು ಕೆಲಸವನ್ನು ಆರಿಸಿ, ನಿರ್ಣಯ ಪುಸ್ತಕದಲ್ಲಿ ಬರೆದು, ಯಾರು ಮಾಡುತ್ತಾರೆ, ಯಾವ ದಿನದೊಳಗೆ ಎಂದು ಸಹಿ ಹಾಕಿ. ಮುಂದಿನ ತಿಂಗಳ ಸಭೆಯಲ್ಲಿ ಮೊದಲು ಅದನ್ನೇ ಓದಿ.